ಕಣ್ಣು ಬರೆಯುವ ಗಂಗಾಧರಯ್ಯ

ಗಂಗಾಧರಯ್ಯನವರ ಹೆಸರು ಪತ್ರಿಕೆಯಲ್ಲಿ ಬಂದ ಭಾನುವಾರ ಅವರ ಮನೆಯಲ್ಲಿ ಉಪ್ಪಿಟ್ಟು ಸೀದುಹೋಯಿತು. ಹೆಂಡತಿ ಜಗದಾಂಬಾ ಬಾಣಲೆ ಇಳಿಸುವುದನ್ನು ಮರೆತು ಮಗಳ ಹೆಗಲ ಹಿಂದೆ ನಿಂತಿದ್ದರು. ಮಗಳು ಜಯದೇವಿ ಪುರವಣಿಯನ್ನು ಅಗಲವಾಗಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಮಗ ಪಂಚಾಕ್ಷರಿ ಪ್ರತಿ ಸಾಲಿಗೂ "ಇನ್ನೊಂದ್ಸಲ ಓದೇ" ಎನ್ನುತ್ತಿದ್ದ. ಗಂಗಾಧರಯ್ಯನವರು ಗೋಡೆಗೆ ಒರಗಿ ಕೂತು, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬ ಮುಖ ಮಾಡಿಕೊಂಡಿದ್ದರು. ಕಿವಿ ಮಾತ್ರ ಪೂರ್ತಿ ಅಲ್ಲೇ ಇತ್ತು.

"'ಕಣ್ಣು ಬರೆಯುವ ಗಂಗಾಧರಯ್ಯ' ಅಂತ ದಪ್ಪಕ್ಷರದಲ್ಲಿ ಹಾಕಿದಾರೆ ಅಜ್ಜಿ," ಎಂದಳು ಜಯದೇವಿ.

"ಯಾರ ಕಣ್ಣು?" ಎಂದರು ಶಾಂತವ್ವ. ಅವರು ಗಂಗಾಧರಯ್ಯನವರ ತಾಯಿ. ಎಂಬತ್ತು ಹತ್ತಿರವಾಗಿದ್ದರೂ ನೋಟ ಚುರುಕಾಗಿತ್ತು. ಕಿವಿ ಮಾತ್ರ ಅವರಿಗೆ ಬೇಕಾದಾಗ ಕೇಳಿಸುತ್ತಿತ್ತು, ಬೇಡವಾದಾಗ ಇಲ್ಲ.

"ಸತ್ತೋರ ಕಣ್ಣು ಅಜ್ಜಿ."

"ಅದನ್ನ ಊರಿಗೆಲ್ಲ ಯಾಕೆ ಸಾರಬೇಕಿತ್ತು?"

ಅಷ್ಟರಲ್ಲಿ ಸೀದ ವಾಸನೆ ಬಂತು.

ಮನೆ ಇದ್ದದ್ದು ರಾಜಾಜಿನಗರದ ಎರಡನೇ ಬ್ಲಾಕಿನಲ್ಲಿ. ರಸ್ತೆಯ ಕಡೆಯ ಕೋಣೆಯೇ ಗುರುಕೃಪಾ ಸ್ಟುಡಿಯೋ. ಅದರ ಹಿಂದೆ ಡಾರ್ಕ್ ರೂಮು. ಅದರ ಹಿಂದೆ ಅಡುಗೆಮನೆ, ನಡುಮನೆ, ಒಂದು ಪುಟ್ಟ ಹಿತ್ತಲು. ದಾವಣಗೆರೆ ಕಡೆಯಿಂದ ಬಂದು, ಪೇಟೆಯ ಸ್ಟುಡಿಯೋ ಒಂದರಲ್ಲಿ ವರ್ಷಗಟ್ಟಲೆ ದುಡಿದು, ಈ ಬಡಾವಣೆ ಏಳುವಾಗ ಗಂಗಾಧರಯ್ಯ ಇಲ್ಲಿ ಅಂಗಡಿ ಹಾಕಿದ್ದರು. ಕಾರ್ಖಾನೆಗೆ ಸೇರುವವರ ಪಾಸ್‌ಪೋರ್ಟ್ ಸೈಜ್, ಗಂಡಿನ ಕಡೆಗೆ ಕಳಿಸುವ ಹೆಣ್ಣುಮಕ್ಕಳ ಫೋಟೋ, ಮದುವೆ, ನಾಮಕರಣ. ಹೊಟ್ಟೆ ತುಂಬುತ್ತಿದ್ದುದು ಇದರಿಂದ.

ಅವರು ಮಾಡುತ್ತಿದ್ದ ಇನ್ನೊಂದು ಕೆಲಸಕ್ಕೆ ಬೋರ್ಡು ಇರಲಿಲ್ಲ. ಅವರ ಜನದಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ಒಂದು ಫೋಟೋ ತೆಗೆಸಿ, ಆಮೇಲೆ ಸಮಾಧಿಗೆ ಒಯ್ಯುತ್ತಾರೆ. ಬದುಕಿರುವಾಗ ಒಂದು ಫೋಟೋವನ್ನೂ ತೆಗೆಸದೆ ಹೋದ ಹಿರಿಯರೇ ಹೆಚ್ಚು. ಗೋಡೆಗೆ ಹಾಕಲು ಉಳಿಯುವುದು ಆ ಕಣ್ಣು ಮುಚ್ಚಿದ ಮುಖ ಒಂದೇ. ಗಂಗಾಧರಯ್ಯ ಆ ಮುಖವನ್ನು ದೊಡ್ಡದು ಮಾಡಿ, ಸಣ್ಣ ಕುಂಚದಲ್ಲಿ ತೆರೆದ ಕಣ್ಣು ಬರೆದುಕೊಡುತ್ತಿದ್ದರು. ಸುಮ್ಮನೆ ಬರೆಯುತ್ತಿರಲಿಲ್ಲ. ಆ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡುತ್ತಿದ್ದರು. ಹೋದವರ ಕಣ್ಣು ಮಗಳಿಗೋ ತಮ್ಮನಿಗೋ ಮೊಮ್ಮಗನಿಗೋ ಬಂದೇ ಇರುತ್ತದೆ. ಅವರನ್ನು ಬೆಳಕಿಗೆ ಕೂರಿಸಿ ಕಣ್ಣಿನ ಫೋಟೋ ತೆಗೆದು, ಅದನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದರು. ಒಂದೊಂದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು.

ಸ್ನೇಹಿತನ ಮನೆಯ ಗೋಡೆಯಲ್ಲಿ ಇಂಥದೊಂದು ಅಜ್ಜಿಯನ್ನು ಕಂಡು ಬೆರಗಾದ ಪತ್ರಿಕೆಯ ಹುಡುಗನೊಬ್ಬ ಹುಡುಕಿಕೊಂಡು ಬಂದಿದ್ದ. ಒಂದು ಮಧ್ಯಾಹ್ನವೆಲ್ಲ ಕೂತು ಕಾಫಿ ಕುಡಿದು ಬರೆದುಕೊಂಡು ಹೋಗಿದ್ದ. "ಹೋದವರ ಕಣ್ಣು ಆ ಮನೆಯಲ್ಲೇ ಇರುತ್ತದೆ, ಹುಡುಕಬೇಕು ಅಷ್ಟೇ ಎನ್ನುತ್ತಾರೆ ಗಂಗಾಧರಯ್ಯ" ಎಂದು ಲೇಖನ ಮುಗಿದಿತ್ತು. ಆ ಕೊನೆಯ ಸಾಲನ್ನು ಗಂಗಾಧರಯ್ಯ ಅಂದು ಮಗಳಿಂದ ಎಷ್ಟು ಸಲ ಓದಿಸಿದರೋ. ಸಂಜೆ ಮಠಕ್ಕೆ ಹೋಗುವಾಗ ಪುರವಣಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಹೋದರು. ಯಾರೂ ಕೇಳದಿದ್ದರೂ ತೋರಿಸಿ ಬಂದರು. ಹೊಗಳಿಕೆ ಯಾರಿಗೆ ಬೇಡ? ಅಷ್ಟು ವರ್ಷ ಡಾರ್ಕ್ ರೂಮಿನ ಕತ್ತಲಲ್ಲಿ ಬೆನ್ನು ಬಗ್ಗಿಸಿದ ಮನುಷ್ಯ.

"ಅಪ್ಪಾಜಿ, ಇದನ್ನ ಹೀಗೇ ಬಿಟ್ರೆ ಮುಂದಿನ ಭಾನುವಾರಕ್ಕೆ ಇದು ಬೋಂಡಾ ಕಟ್ಟೋ ಕಾಗದ," ಎಂದ ಪಂಚಾಕ್ಷರಿ ರಾತ್ರಿ ರೊಟ್ಟಿ ಮುರಿಯುತ್ತ. ಬಿ.ಕಾಂ. ಮುಗಿಸಿ, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ, ಕರೆ ಬಾರದೆ ಅಂಗಡಿಯಲ್ಲೇ ಕೂರುತ್ತಿದ್ದ ಹುಡುಗ. ತಲೆಯಲ್ಲಿ ಯೋಚನೆಗಳಿಗೆ ಬರವಿರಲಿಲ್ಲ. "ದೊಡ್ಡದು ಮಾಡಿ ಫ್ರೇಮ್ ಹಾಕಿಸಿ ಷೋಕೇಸಲ್ಲಿಡೋಣ. ಹ್ಯಾಂಡ್‌ಬಿಲ್ ಹಾಕಿಸೋಣ. ಸಿನಿಮಾ ಬಿಟ್ಟಾಗ ನಾನೇ ನಿಂತು ಹಂಚ್ತೀನಿ."

"ಹೆಣದ ಫೋಟೋಗೆ ಹ್ಯಾಂಡ್‌ಬಿಲ್ಲಾ?" ಎಂದರು ಜಗದಾಂಬಾ.

"ಅಮ್ಮ, ನಮ್ಮವರಿಗೆ ಸೂತಕ ಇಲ್ಲ ಅಂತ ಅಜ್ಜಿನೇ ಹೇಳ್ತಾರೆ. ಹುಟ್ಟಿದ್ದಕ್ಕೂ ಇಲ್ಲ, ಸತ್ತಿದ್ದಕ್ಕೂ ಇಲ್ಲ. ನಾಚಿಕೆ ಯಾಕೆ?"

"ನಮಗಿಲ್ಲ ಕಣೋ. ಬೀದಿಗಿದೆಯಲ್ಲ."

ಗಂಗಾಧರಯ್ಯ ಚಟ್ನಿಪುಡಿಗೆ ಎಣ್ಣೆ ಬಿಟ್ಟುಕೊಳ್ಳುತ್ತ, "ಫ್ರೇಮು ಒಂದು ಹಾಕೋಣ ಬಿಡು," ಎಂದರು. ಬೇಡ ಎನ್ನುವಷ್ಟು ದೊಡ್ಡತನ ಅಂದು ಅವರಿಗೆ ಬರಲಿಲ್ಲ.

ಷೋಕೇಸಿನ ನಡುವೆ ಇದ್ದ, ಮೊಗ್ಗಿನ ಜಡೆಯ ಮದುಮಗಳ ಫೋಟೋ ಪಕ್ಕಕ್ಕೆ ಸರಿಯಿತು. ಆ ಜಾಗಕ್ಕೆ ಲೇಖನ ಬಂತು. ಅದರ ಎರಡೂ ಕಡೆ ಪಂಚಾಕ್ಷರಿ ಒಬ್ಬ ಹಿರಿಯರ ಎರಡು ಚಿತ್ರಗಳನ್ನಿಟ್ಟ, ಒಂದು ಕಣ್ಣು ಮುಚ್ಚಿದ್ದು, ಒಂದು ತೆರೆದದ್ದು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಕೆಲವರು ಚಪ್ಪಲಿ ಬಿಟ್ಟು ಕೈಮುಗಿದರು. ವಾರ ಕಳೆಯುವುದರೊಳಗೆ ಮಾಗಡಿ, ನೆಲಮಂಗಲ, ರಾಮನಗರದಿಂದ ಜನ ಬಸ್ಸಿಳಿದು ವಿಳಾಸ ಕೇಳಿಕೊಂಡು ಬರತೊಡಗಿದರು. ಅವರ ಜನವಷ್ಟೇ ಅಲ್ಲ, ಹೋದವರನ್ನು ಕೂರಿಸುವ ರೂಢಿಯಿದ್ದ ಬೇರೆ ಒಕ್ಕಲು ಮನೆಗಳವರೂ ಬಂದರು. ಎಲ್ಲರ ಕೈಯಲ್ಲೂ ಕಾಗದದಲ್ಲಿ ಸುತ್ತಿದ ಒಂದು ಕಣ್ಣು ಮುಚ್ಚಿದ ಮುಖ.

ಆದರೆ ವೈಶಾಖದ ಮದುವೆಗಳಿಗೆ ಮುಂಗಡ ಹೇಳಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಹಿಂದಿನ ಬೀದಿಯ ಕೃಷ್ಣಪ್ಪ, ಸೋಪ್ ಕಾರ್ಖಾನೆಯಲ್ಲಿದ್ದವರು, ಸೈಕಲ್ಲಿನಿಂದ ಇಳಿಯದೆ ಒಂದು ಕಾಲು ನೆಲಕ್ಕೆ ಊರಿ ನಿಂತರು.

"ಅಯ್ನೋರೇ, ಮಗಳ ಮದುವೆ ಫೋಟೋ ಬೇರೆಯವರಿಗೆ ಹೇಳ್ಬಿಟ್ವಿ. ತಪ್ಪು ತಿಳ್ಕೋಬೇಡಿ."

"ನಿಮ್ಮ ಹಿರಿ ಮಗಳ ಮದುವೆದು ನಾನೇ ಅಲ್ವೇ ತೆಗೆದಿದ್ದು?"

"ನಂಗೇನೂ ಇಲ್ಲ ಸ್ವಾಮಿ. ಮನೇಲಿ ಹೆಂಗಸರು. ಅದೇ ಕ್ಯಾಮರಾನಾ ಅಂತ ಕೇಳ್ತಾರೆ."

ಕ್ಯಾಮರಾ ಅದೇ. ಮೊದಲೂ ಅದೇ ಆಗಿತ್ತು. ಬೀದಿಗೆ ಅದು ಗೊತ್ತೂ ಇತ್ತು. ಗೊತ್ತಿರುವುದು ಬೇರೆ, ಗಾಜಿನ ಹಿಂದೆ ದೀಪ ಹಾಕಿ ತೋರಿಸುವುದು ಬೇರೆ. ಪಂಚಾಕ್ಷರಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರು ಎದುರುಗಡೆಯ ಫುಟ್‌ಪಾತಿನಲ್ಲಿ ನಡೆಯಲು ಶುರು ಮಾಡಿದ್ದರು.

ಊಟದ ಹೊತ್ತು ಜಗಳದ ಹೊತ್ತಾಯಿತು. ಸೀಮೆಎಣ್ಣೆಗೆ ಬೆಳಗಿನಿಂದ ಕ್ಯೂ ನಿಂತು ಬಂದ ಜಗದಾಂಬಾ, ಮುದ್ದೆಯನ್ನು ತಟ್ಟೆಗೆ ಸ್ವಲ್ಪ ಜೋರಾಗಿಯೇ ಇಟ್ಟರು.

"ಮದುವೆಯೋರು ಬರಲ್ಲ. ಬರೋರ ಕೆಲಸ ನೀವು ಮುಗಿಸಲ್ಲ. ಮನೆ ನಡೆಯೋದು ಹೇಗೆ ಅಂತ ಆ ಪೇಪರ್‌ನೋರನ್ನೇ ಕೇಳಿ ಬನ್ನಿ."

"ಒಂದೊಂದು ಮನೆಗೂ ಹೋಗಬೇಕು. ಯಾರ ಕಣ್ಣು ಹೋಲುತ್ತೆ ನೋಡಬೇಕು. ಅವಸರಕ್ಕೆ ಆಗೋ ಕೆಲಸ ಅಲ್ಲ ಅದು," ಎಂದರು ಗಂಗಾಧರಯ್ಯ.

"ಅಪ್ಪಾಜಿ, ಬಾಪೂಜಿ ನಗರದ ಎರಡು ಮನೆ ನೀವು ನೋಡ್ಕೊಳ್ಳಿ," ಎಂದ ಪಂಚಾಕ್ಷರಿ. "ಬಾಕಿದ್ದು ನಂಗೆ ಬಿಡಿ. ನಾನು ಹೇಗೋ ಮುಗಿಸ್ತೀನಿ."

ಹೇಗೆ ಎಂದು ಗಂಗಾಧರಯ್ಯ ಕೇಳಲಿಲ್ಲ. ಸಾರು ಬಡಿಸಿಕೊಂಡರು.

ಮಾರನೆಯ ದಿನ ಬಿಸಿಲು ಹಿತವಾಗಿತ್ತು. ಪಂಚಾಕ್ಷರಿ ಹಿತ್ತಲಲ್ಲಿ ಸ್ಟೂಲು ಹಾಕಿ ಅಜ್ಜಿಯನ್ನು ಕರೆದ.

"ಅಜ್ಜಿ, ಕೂತ್ಕೋ ಬಾ. ನಿನ್ನ ಫೋಟೋ ತೆಗೀತೀನಿ."

ಶಾಂತವ್ವನ ಮುಖ ಅರಳಿತು. "ಊರೋರ್ನೆಲ್ಲ ತೆಗೆದ ನಿಮ್ಮಪ್ಪ. ನನ್ನ ಒಂದಿನ ಕೂರಿಸಲಿಲ್ಲ. ಬೇರೆ ಸೀರೆ ಉಟ್ಕೊಂಡು ಬರ್ಲಾ?"

"ಬೇಡ ಅಜ್ಜಿ. ಮುಖ ಸಾಕು. ನನ್ನನ್ನೇ ನೋಡು."

ಮೊಮ್ಮಗನನ್ನು ನೋಡು ಎಂದರೆ ಅಜ್ಜಿಗೆ ಹೇಳಿಕೊಡಬೇಕೇ? ನೇರವಾಗಿ ಒಂದು, ಎಡಕ್ಕೆ ತಿರುಗಿ ಒಂದು, ಬಲಕ್ಕೆ ಒಂದು. ಶಾಂತವ್ವನ ಎಡಗಣ್ಣಿನ ರೆಪ್ಪೆ ತುಸು ಇಳಿದಿತ್ತು. ಅದರಿಂದ ಆ ನೋಟಕ್ಕೆ ಏನೋ ಕೇಳುತ್ತಿರುವ ಹಾಗೆ, ಕೇಳಿ ಉತ್ತರಕ್ಕೆ ಕಾಯುತ್ತಿರುವ ಹಾಗೆ ಒಂದು ಗುಣ ಬಂದಿತ್ತು.

ಅಂದು ಸಂಜೆ ಡಾರ್ಕ್ ರೂಮಿನಲ್ಲಿ ಪಂಚಾಕ್ಷರಿ ಆ ಕಣ್ಣುಗಳನ್ನು ದೊಡ್ಡದು, ಸಣ್ಣದು, ನಡುವಿನದು ಎಂದು ಬೇಕಾದ ಅಳತೆಗಳಲ್ಲಿ ಮುದ್ರಿಸಿದ. ಕತ್ತರಿಸಿ ಲಕೋಟೆಗೆ ತುಂಬಿದ. ಕಣ್ಣು ಮುಚ್ಚಿದ ಮುಖದ ಮೇಲೆ ಸರಿಹೊಂದುವ ಜೋಡಿಯನ್ನು ಅಂಟಿಸಿ, ಅಂಚನ್ನು ಕುಂಚದಿಂದ ಮರೆಸಿ, ಇಡೀ ಚಿತ್ರವನ್ನು ಮತ್ತೆ ಫೋಟೋ ತೆಗೆದರೆ ಆಯಿತು, ಅಂಟಿಸಿದ್ದು ಗೊತ್ತಾಗುವುದಿಲ್ಲ. ಕುಂಚದ ಕೆಲಸಕ್ಕೆ ಅವನ ಕೈ ಒರಟು. ಜಯದೇವಿಯನ್ನು ಕರೆದ.

"ಇದು ಅಜ್ಜಿ ಕಣ್ಣಲ್ವೇನೋ?" ಎಂದಳು ಅವಳು ಗಾಬರಿಯಾಗಿ.

"ಮುಖ ಬೇರೆ, ಮೀಸೆ ಬೇರೆ. ಯಾರಿಗೆ ಗೊತ್ತಾಗುತ್ತೆ?"

"ಅಪ್ಪಾಜಿಗೆ ಗೊತ್ತಾಗುತ್ತೆ."

"ಅಪ್ಪಾಜಿ ನೋಡೋದ್ರೊಳಗೆ ಫ್ರೇಮ್ ಹಾಕಿ ಕೊಟ್ಟಿರ್ತೀನಿ. ಜನ ಪಾಪ ಬಸ್ ಚಾರ್ಜ್ ಹಾಕ್ಕೊಂಡು ಅಲೀತಿದಾರೆ ಕಣೇ. ಅವರಿಗೆ ಬೇಕಾಗಿರೋದು ಕಣ್ಣು ತೆರೆದ ಮುಖ. ಕೊಡೋಣ."

ಜಯದೇವಿ ಕುಂಚ ತೆಗೆದುಕೊಂಡಳು. ಬೇಡ ಎನ್ನಬೇಕೆಂದು ಮನಸ್ಸಿನಲ್ಲಿತ್ತು. ಬೆಳಗ್ಗೆ ಅಮ್ಮ ಅಕ್ಕಿ ಡಬ್ಬದ ತಳ ಕೆರೆದ ಸದ್ದು ಕಿವಿಯಲ್ಲಿತ್ತು.

ಆಮೇಲಿನ ಎರಡು ತಿಂಗಳು ಮನೆ ತಣ್ಣಗಾಯಿತು. ಹುಳಿಗೆ ಮತ್ತೆ ತೊಗರಿಬೇಳೆ ಬಿತ್ತು. ಜಗದಾಂಬಾ ಅವರ ದನಿ ಇಳಿಯಿತು. ಬಂದವರು ಚಿತ್ರ ಬಿಚ್ಚಿ ನೋಡಿ, ಅಲ್ಲೇ ಅತ್ತು, ಪಂಚಾಕ್ಷರಿಯ ಕೈ ಹಿಡಿದು ಹೋಗುತ್ತಿದ್ದರು. ಪತ್ರಿಕೆಯಲ್ಲಿ ಬಂದವರ ಕೈಯಿಂದ ಆದ ಕೆಲಸ ಎಂಬ ನಂಬಿಕೆ ಅವರದು. ನಂಬಿದ ಕಣ್ಣಿಗೆ ಎಲ್ಲವೂ ಹೋಲುತ್ತದೆ. ಗಂಗಾಧರಯ್ಯ ಬಾಪೂಜಿ ನಗರದ ಎರಡು ಚಿತ್ರಗಳ ಮೇಲೆ ತಮ್ಮ ಹಳೆಯ ನಿಧಾನದಲ್ಲೇ ಬಗ್ಗಿ ಕೂತಿದ್ದರು. ಮಗ ಅಷ್ಟೆಲ್ಲ ಹೇಗೆ ಮುಗಿಸುತ್ತಿದ್ದಾನೆಂದು ಒಂದೆರಡು ಸಲ ಬಾಯಿಗೆ ಬಂದಿದ್ದನ್ನು ನುಂಗಿಕೊಂಡರು. ಎದುರಿಗೆ ಸಿಕ್ಕವರು "ಪೇಪರಲ್ಲಿ ಬಂದಿತ್ತಲ್ಲ, ಅವರೇ ಅಲ್ವೇ?" ಎಂದರೆ ಮಾತ್ರ ನಿಂತು ಮಾತಾಡುತ್ತಿದ್ದರು.

ಶಾಂತವ್ವ ಆಗಾಗ ಕೇಳುತ್ತಿದ್ದರು. "ನನ್ನ ಫೋಟೋ ಎಲ್ಲೋ ಪಂಚು?"

"ಆಗುತ್ತೆ ಅಜ್ಜಿ. ಆರ್ಡರ್ ಮುಗೀಲಿ."

ಒಂದು ಮಧ್ಯಾಹ್ನ ಡಾರ್ಕ್ ರೂಮಿನಲ್ಲಿ ಜಾಗ ಸಾಲದೆ ಜಯದೇವಿ ಒದ್ದೆ ಚಿತ್ರಗಳನ್ನು ಹಿಂದಿನ ಜಗಲಿಯ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟಿದ್ದಳು. ಹಪ್ಪಳ ಎತ್ತಿಡಲು ಹೋದ ಶಾಂತವ್ವ ಅಲ್ಲೇ ನಿಂತರು. ರುಮಾಲಿನ ಒಬ್ಬರು, ಬೋಳು ತಲೆಯ ಒಬ್ಬರು, ದಪ್ಪ ಮೂಗುತಿಯ ಒಬ್ಬಾಕೆ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಎಲ್ಲರದೂ ಎಡಗಣ್ಣಿನ ರೆಪ್ಪೆ ತುಸು ಇಳಿದಿತ್ತು.

"ಗಂಗಾಧರಾ," ಎಂದು ಕೂಗಿದರು. ಆ ಕೂಗಿಗೆ ಇಡೀ ಮನೆ ಜಗಲಿಗೆ ಬಂತು. "ಇವರೆಲ್ಲ ನನ್ನ ಕಣ್ಣಲ್ಲಿ ಯಾಕೋ ನೋಡ್ತಿದಾರೆ?"

ಗಂಗಾಧರಯ್ಯ ಒಂದು ಚಿತ್ರ ನೋಡಿದರು, ಎರಡನೆಯದು ನೋಡಿದರು. ಮೂರನೆಯದನ್ನು ನೋಡುವ ಅಗತ್ಯ ಬೀಳಲಿಲ್ಲ. ಹುಟ್ಟಿದಾಗಿನಿಂದ ತಮ್ಮನ್ನು ನೋಡಿದ ಕಣ್ಣು ಅವು. ಅವರು ಜಗಲಿಯ ಅಂಚಿನಲ್ಲಿ ಕುಸಿದು ಕೂತರು.

"ನಾನಿನ್ನೂ ಉಣ್ತಿದೀನಿ, ಓಡಾಡ್ತಿದೀನಿ," ಎಂದರು ಶಾಂತವ್ವ. ದನಿ ಸಿಟ್ಟಿನದಲ್ಲ, ಹೆದರಿಕೆಯದು. "ಆಗಲೇ ಹಂಚಿಬಿಟ್ರಾ ನನ್ನ? ಎಷ್ಟು ಜನಕ್ಕೆ ಕೊಟ್ಯೋ ಪಂಚು?"

ಜಯದೇವಿ ಅಳಲು ಶುರು ಮಾಡಿದಳು.

"ತಂದ್ಕೊಡಿ," ಎಂದರು ಶಾಂತವ್ವ. "ಎಲ್ಲಾ ವಾಪಸ್ ತಂದ್ಕೊಡಿ. ಯಾರ್‍ಯಾರ ಮನೆ ಗೋಡೆ ಮೇಲೋ ನಾನು ಹೆಣವಾಗಿ ಕೂತಿರಲಾರೆ."

"ತರ್ತೀನಿ ಅವ್ವಾ," ಎಂದರು ಗಂಗಾಧರಯ್ಯ. "ಒಂದೂ ಬಿಡಲ್ಲ."

ಆ ಮಾತಿಗೆ ಮನೆ ಎರಡಾಯಿತು.

"ಅಪ್ಪಾಜಿ, ಒಬ್ಬರಾದ್ರೂ ಬಂದು ಇದು ನಮ್ಮಪ್ಪನ ಕಣ್ಣಲ್ಲ ಅಂದಿದಾರಾ?" ಎಂದ ಪಂಚಾಕ್ಷರಿ. "ನೀವಾಗಿ ಹೋಗಿ ಹೇಳಿದ್ರೆ ಅದೂ ಪೇಪರಲ್ಲಿ ಬರುತ್ತೆ. ಆಮೇಲೆ ಪಾಸ್‌ಪೋರ್ಟ್ ಫೋಟೋಗೂ ಯಾರೂ ಬರಲ್ಲ."

"ಬರದಿದ್ರೆ ಬೇಡ. ಹುಡುಕಿ ಬರೀತಾನೆ ಅಂತ ನನ್ನ ಹೆಸರಲ್ಲಿ ಅಚ್ಚಾಗಿದೆ. ಅದನ್ನ ನಂಬಿ ಬಂದೋರು ಅವರು. ದಿನಾ ಹೂವಿಟ್ಟು ಕೈ ಮುಗೀತಿದಾರೆ ಕಣೋ, ಯಾರ ಕಣ್ಣಿಗೆ ಅಂತ ಗೊತ್ತಿಲ್ಲದೆ!"

"ಮತ್ತೆ ಮನೆ?" ಎಂದರು ಜಗದಾಂಬಾ. ಅವರ ಕೋಪ ಈಗ ಗಂಡನ ಕಡೆಗೆ ತಿರುಗಿತ್ತು. "ಅವನೊಬ್ಬನನ್ನೇ ಅನ್ನಬೇಡಿ. ಇಷ್ಟೊಂದು ಹೇಗೆ ಮುಗಿಸ್ತೀಯೋ ಅಂತ ನೀವು ಒಂದಿನ ಕೇಳಿದ್ರಾ? ಬೇಳೆ ಸಾರು ಬೇಕಿತ್ತು. ಬೀದೀಲಿ ನಮಸ್ಕಾರ ಬೇಕಿತ್ತು. ಕೇಳೋದು ಬೇಕಿರಲಿಲ್ಲ."

ಗಂಗಾಧರಯ್ಯ ಎದ್ದು ಹೋಗಿ ಷೋಕೇಸಿನಿಂದ ಲೇಖನದ ಫ್ರೇಮು ತೆಗೆದು, ಮುಖ ಗೋಡೆಗೆ ಮಾಡಿ ಮೂಲೆಗಿಟ್ಟರು. ಹಿರಿಯರ ಆ ಎರಡು ಚಿತ್ರಗಳನ್ನೂ ತೆಗೆದರು.

ಮರುದಿನದಿಂದ ಹುಡುಕಾಟ ಶುರುವಾಯಿತು. ಗಂಗಾಧರಯ್ಯ ಒಬ್ಬರೇ ಹೊರಟಿದ್ದರು. ಚೀಲ, ಸ್ಟ್ಯಾಂಡು, ಕ್ಯಾಮರಾ ಹೊರಲಾರದೆ ಬಾಗಿಲಲ್ಲಿ ತಡವರಿಸಿದಾಗ ಪಂಚಾಕ್ಷರಿ ಬಂದು ಚೀಲ ತೆಗೆದುಕೊಂಡ. ಅವನಿಗೆ ಮನಸ್ಸಿರಲಿಲ್ಲ. ಆದರೆ ಯಾರಿಗೆ ಕೊಟ್ಟಿದ್ದೆಂದು ಗೊತ್ತಿದ್ದುದು ಅವನಿಗೇ.

ಹೋದಲ್ಲೆಲ್ಲ ಗಂಗಾಧರಯ್ಯ ಒಂದೇ ಮಾತು ಹೇಳುತ್ತಿದ್ದರು: "ನಮ್ಮಿಂದ ತಪ್ಪಾಗಿದೆ. ಇದು ನಿಮ್ಮವರ ಕಣ್ಣಲ್ಲ. ಈ ಚಿತ್ರ ಕೊಡಿ, ಬೇರೆ ಬರೆದುಕೊಡ್ತೀನಿ. ಏನೂ ಕೊಡಬೇಕಾಗಿಲ್ಲ." ಕಾಮಾಕ್ಷಿಪಾಳ್ಯದ ಹಿಟ್ಟಿನ ಗಿರಣಿಯವನು ಬೀದಿಗೆ ಕೇಳುವಂತೆ ಬೈದ. ಪೇಪರಿಗೆ ಹಾಕಿಸಿಕೊಂಡು ಮೋಸ ಮಾಡ್ತೀರಾ ಎಂದ. ಗಂಗಾಧರಯ್ಯ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ನೆಲಮಂಗಲದ ಮೇಷ್ಟ್ರೊಬ್ಬರು, "ಫೋಟೋ ಅಂದ್ಮೇಲೆ ಹೆಚ್ಚುಕಡಿಮೆ ಇದ್ದೇ ಇರುತ್ತೆ ಬಿಡಿ ಸ್ವಾಮಿ," ಎಂದು ನಕ್ಕು, ಕಾಫಿ ಕೊಟ್ಟು, ಚಿತ್ರವನ್ನೂ ಕೊಟ್ಟರು. ಮಾಗಡಿಯಲ್ಲಿ ಒಬ್ಬ ಹೆಣ್ಣುಮಗಳು ಸುಮ್ಮನೆ ಅತ್ತಳು. "ದಿನಾ ಸ್ಕೂಲಿಗೆ ಹೋಗುವಾಗ ಮಕ್ಕಳ ಕೈಲಿ ನಮಸ್ಕಾರ ಮಾಡಿಸ್ತಿದ್ದೆ. ಅವರಿಗೆ ಏನು ಹೇಳ್ಲಿ ಈಗ?" ಎಂದಳು. ಬೈಗುಳಕ್ಕಿಂತ ಅದು ಇಬ್ಬರಿಗೂ ಹೆಚ್ಚು ನಾಟಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಪಂಚಾಕ್ಷರಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಕೂತಿದ್ದ.

ತಂದ ಚಿತ್ರಗಳನ್ನು ಗಂಗಾಧರಯ್ಯ ತಾಯಿಯ ಮುಂದಿಡುತ್ತಿದ್ದರು. ಶಾಂತವ್ವ ಒಂದೊಂದನ್ನೂ ನೋಡಿ, ತಮ್ಮ ಟ್ರಂಕಿನಲ್ಲಿ ಹಳೆಯ ಸೀರೆಯ ಕೆಳಗಿಟ್ಟು, "ಇನ್ನೂ ಇದಾವಾ?" ಎನ್ನುತ್ತಿದ್ದರು. ಊಟ ಕಡಿಮೆ ಮಾಡಿದ್ದರು. ಮೊಮ್ಮಗನ ಜೊತೆ ಮಾತಾಡುತ್ತಿದ್ದರು, ಆದರೆ ಮುಖ ಕೊಟ್ಟು ನೋಡುತ್ತಿರಲಿಲ್ಲ. ಅವನಿಗೆ ಅದೇ ದೊಡ್ಡ ಶಿಕ್ಷೆಯಾಗಿತ್ತು. ಅಡುಗೆಮನೆಯಲ್ಲಿ ಬೇಳೆ ಮತ್ತೆ ತೆಳ್ಳಗಾಯಿತು. ಜಗದಾಂಬಾ ಹಪ್ಪಳ ಸಂಡಿಗೆ ಮಾಡಿ ಮಾರಲು ಶುರು ಮಾಡಿದರು. ಗೊಣಗುವುದನ್ನು ಮಾತ್ರ ಯಾಕೋ ನಿಲ್ಲಿಸಿಬಿಟ್ಟರು.

ಆಷಾಢದ ಗಾಳಿ ಎದ್ದ ಹೊತ್ತಿಗೆ ಉಳಿದದ್ದು ಒಂದೇ, ಹೆಗ್ಗನಹಳ್ಳಿಯ ಮರಿಯಪ್ಪ ಎಂಬವರದು. ಮರಿಯಪ್ಪನ ಅಣ್ಣನ ಮಗ ಬಂದು ಆರ್ಡರ್ ಕೊಟ್ಟು, ಚಿತ್ರವನ್ನು ಒಯ್ದು ಅವರ ಹೆಂಡತಿಗೆ ತಲುಪಿಸಿದ್ದ. ತಂದೆ ಮಗ ಸುಂಕದಕಟ್ಟೆಯಲ್ಲಿ ಬಸ್ಸಿಳಿದು, ಹೊಲದ ಬದುವಿನ ಮೇಲೆ ನಡೆದು ಹೋದರು. ಹೆಂಚಿನ ಸಣ್ಣ ಮನೆ. ಮರಿಯಪ್ಪನ ಹೆಂಡತಿ ಚಿಕ್ಕಲಕ್ಷ್ಮಮ್ಮ ಆಗ ತಾನೇ ಸೊಪ್ಪು ಮಾರಿ ಬಂದು, ಖಾಲಿ ಬುಟ್ಟಿಯನ್ನು ಜಗಲಿಯಲ್ಲಿ ಕೊಡವುತ್ತಿದ್ದರು. ಮಕ್ಕಳಿಲ್ಲದ ಹೆಂಗಸು. ಚಾಪೆ ಹಾಕಿ, ಮಜ್ಜಿಗೆ ಕೊಟ್ಟು, ಎದುರಿಗೆ ಕೂತರು.

ಗೋಡೆಯಲ್ಲಿ ಮರಿಯಪ್ಪ ಇದ್ದರು. ಗಡುಸು ದವಡೆ, ಬಿಗಿದ ತುಟಿ, ದಪ್ಪ ಹುಬ್ಬು. ಅದರ ನಡುವಿನಿಂದ ಶಾಂತವ್ವನ ಕಣ್ಣು ನೋಡುತ್ತಿದ್ದವು. ಚಿತ್ರಕ್ಕೆ ಅಂದಿನ ಹೊಸ ಕನಕಾಂಬರ ಮುಡಿಸಿತ್ತು.

ಗಂಗಾಧರಯ್ಯ ಹೇಳಬೇಕಾದ್ದನ್ನು ಹೇಳಿದರು. ನಮ್ಮಿಂದ ತಪ್ಪಾಗಿದೆ, ಇದು ನಿಮ್ಮ ಯಜಮಾನರ ಕಣ್ಣಲ್ಲ ಎಂದರು.

"ಅವ್ರ ಕಣ್ಣಲ್ಲ ಅಂತ ನಂಗೊತ್ತು ಸೋಮಿ," ಎಂದರು ಚಿಕ್ಕಲಕ್ಷ್ಮಮ್ಮ.

ಪಂಚಾಕ್ಷರಿ ಬೆಚ್ಚಿ ತಲೆಯೆತ್ತಿದ.

"ಗೊತ್ತಿತ್ತಾ ತಾಯಿ?"

"ಬಾಳ್ವೆ ಮಾಡಿವ್ನಿ, ಗೊತ್ತಾಗಾಕಿಲ್ವಾ? ಆವಯ್ಯ ಕಣ್ಬುಟ್ರೆ ನಾನು ಒಳೀಕೆ ಓಡೋಗ್ತಿದ್ದೆ. ಚಿತ್ರ ಬಂದ ದಿನಾನೇ ತಿಳೀತು."

"ಮತ್ತೆ ಯಾಕೆ ಹೇಳಿ ಕಳಿಸಲಿಲ್ಲ? ಅವರ ಕಡೆಯೋರು ಯಾರಾದ್ರೂ ಇದ್ರೆ ಹೇಳಿ. ತಮ್ಮನೋ ತಂಗಿನೋ. ಅವರನ್ನ ನೋಡಿ ಸರಿಯಾಗಿ ಬರೆದುಕೊಡ್ತೀನಿ. ಅವರದೇ ಕಣ್ಣು ಬರುತ್ತೆ."

"ಬ್ಯಾಡ ಸೋಮಿ!" ಎಂದರು ಆಕೆ. ಕೂತಲ್ಲಿಂದ ಎದ್ದು ಚಿತ್ರದ ಮುಂದೆ ನಿಂತುಕೊಂಡುಬಿಟ್ಟರು. "ಅವ್ರ ಕಣ್ಣ ಮತ್ತೆ ಗೋಡೆ ಮ್ಯಾಲೆ ತರಬ್ಯಾಡಿ. ಬದುಕಿದ್ದಾಗ ಒಂದಿನಾನೂ ನನ್ನ ಹಿಂಗೆ ನೋಡ್ದೋರಲ್ಲ. ಈಗ ನೋಡ್ತಾರೆ. ಸೊಪ್ಪು ಮಾರ್ಕೊಂಡು ಬಂದು ಬಾಗ್ಲು ತೆಗುದ್ರೆ, ಉಂಡ್ಯೇನಮ್ಮಿ ಅಂತ ಕೇಳಂಗೆ ನೋಡ್ತಾರೆ. ಉಂಡೆ ಅಂತ ನಾನೂ ಹೇಳ್ತೀನಿ. ಇದ ತಗಂಡೋಗ್ಬ್ಯಾಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಗಂಗಾಧರಯ್ಯನವರ ಕೈಯಲ್ಲಿ ಮಜ್ಜಿಗೆ ಲೋಟ ಹಾಗೇ ಇತ್ತು. ಇಷ್ಟು ವರ್ಷ ಅವರು ಎಷ್ಟೋ ಮನೆಗಳಲ್ಲಿ, ಎಷ್ಟೋ ಗೋಡೆಗಳ ಮೇಲೆ, ಹೋದವರ ಕಣ್ಣನ್ನು ಇದ್ದ ಹಾಗೇ ತಂದು ಕೂರಿಸಿದ್ದರು. ಆ ಕಣ್ಣು ಈ ಮನೆಗೆ ಮತ್ತೆ ಬೇಕಾ ಎಂದು ಎಂದೂ ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

"ಇದು ಯಾರ ಕಣ್ಣು ಸೋಮಿ?" ಎಂದರು ಚಿಕ್ಕಲಕ್ಷ್ಮಮ್ಮ ಮೆಲ್ಲಗೆ.

"ನಮ್ಮ ಅವ್ವನದು."

"ಅವ್ರು ಇದಾರಾ?"

"ಇದಾರೆ ತಾಯಿ."

"ಪುಣ್ಯವಂತರು ನೀವು," ಎಂದರು ಆಕೆ.

ಪಂಚಾಕ್ಷರಿ ತಂದೆಯ ಕಡೆ ತಿರುಗಿದ. "ಏನ್ ಮಾಡೋಣ ಅಪ್ಪಾಜಿ?" ಎಂದ. ತಾನೇ ಹೇಳಿಬಿಡುವ ಹುಡುಗ. ಹೀಗೆ ಕೇಳಿದ್ದು ಅಪರೂಪ. ಗಂಗಾಧರಯ್ಯ ಎದ್ದು, ಗೋಡೆಯ ಚಿತ್ರಕ್ಕೆ ಕೈ ಮುಗಿದು, ಖಾಲಿ ಕೈಯಲ್ಲಿ ಹೊರಗೆ ಬಂದರು.

ಮನೆಗೆ ಬಂದಾಗ ಶಾಂತವ್ವ ನಡುಮನೆಯಲ್ಲಿ ಕಾಲು ಚಾಚಿ ಕೂತು, ಮೊರದಲ್ಲಿ ರೇಷನ್ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಮಗನ ಕೈ ನೋಡಿದರು. ಮೊಮ್ಮಗನ ಚೀಲ ನೋಡಿದರು.

"ಎಲ್ಲಿ?"

"ತರಲಿಲ್ಲ ಅವ್ವಾ. ನಿನಗೆ ಕೊಟ್ಟ ಮಾತು ತಪ್ಪಿದೆ," ಎಂದರು ಗಂಗಾಧರಯ್ಯ. ಅಲ್ಲೇ ನೆಲದ ಮೇಲೆ ಕೂತು, ಹೆಗ್ಗನಹಳ್ಳಿಯ ಹೆಂಗಸು ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದರು. ಜಗದಾಂಬಾ ಒಲೆಯ ಮುಂದಿನಿಂದ ಬಂದು ಬಾಗಿಲಲ್ಲಿ ನಿಂತರು. ಶಾಂತವ್ವನ ಬೆರಳು ಅಕ್ಕಿಯಲ್ಲಿ ನಿಂತಿತು.

"ಹೊಡೀತಿದ್ನಂತಾ?" ಎಂದರು.

"ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ."

ಶಾಂತವ್ವ ಒಂದು ಕಲ್ಲು ಹೆಕ್ಕಿ ಪಕ್ಕಕ್ಕೆ ಹಾಕಿದರು, ಇನ್ನೊಂದು ಹೆಕ್ಕಿದರು.

"ನಿಮ್ಮಪ್ಪನೂ ನನ್ನನ್ನ ಹಾಗೆ ನೋಡ್ದೋರಲ್ಲ ಕಣೋ ಗಂಗಾಧರಾ," ಎಂದರು ಕೊನೆಗೆ, ತಲೆಯೆತ್ತದೆ. "ಇರ್ಲಿ ಬಿಡು. ಅದು ಅಲ್ಲೇ ಇರ್ಲಿ. ಅವಳ ಹತ್ರಾನೇ ಇರ್ಲಿ."

ಗಂಗಾಧರಯ್ಯನವರಿಗೆ ಅಳು ಬಂತು. ತೋರಿಸಿಕೊಳ್ಳದೆ ಮೊರವನ್ನು ತುಸು ತಮ್ಮ ಕಡೆಗೆ ಎಳೆದುಕೊಂಡು, ತಾಯಿಯ ಎದುರು ಬಗ್ಗಿ ಕೂತು, ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದರು.